ಪರಿಮಳಕ್ಕನ ಉಪಪದವಿಗಳು

ಹಲಸಿನಕೈ ಪರಿಮಳಕ್ಕ ಐವತ್ತು ದಾಟುವ ಹೊತ್ತಿಗೆ ಹಿಡಿದ ಪದವಿಗಳಿಗೇನೂ ಕಡಿಮೆ ಇರಲಿಲ್ಲ. ಶಾಲೆಯಲ್ಲಿ ಉಪ ಮುಖ್ಯಮಂತ್ರಿ, ಕಾಲೇಜಿನಲ್ಲಿ ಸಹ ಕಾರ್ಯದರ್ಶಿ, ಊರಿನ ಮಹಿಳಾ ಮಂಡಳದಲ್ಲಿ ಉಪಾಧ್ಯಕ್ಷೆ, ಆಮೇಲೆ ಹಾಲಿನ ಸಂಘದಲ್ಲೂ ಉಪಾಧ್ಯಕ್ಷೆ. ಗಂಡ ವಿಶ್ವೇಶ್ವರ ಹೆಗಡೆಗೆ ಇದೊಂದು ತಮಾಷೆಯ ವಿಷಯವಾಗಿತ್ತು. ತಿಂಡಿಗೆ ಕೂತಾಗೊಮ್ಮೆ, "ನಿನ್ನ ಜಾತಕದಲ್ಲೇ ಉಪ ಇದ್ದು ನೋಡು. ಬೆಳಿಗ್ಗೆ ಉಪ್ಪಿಟ್ಟು, ಏಕಾದಶಿಗೆ ಉಪವಾಸ, ಸಂಘದಲ್ಲಿ ಉಪಾಧ್ಯಕ್ಷೆ" ಎಂದಿದ್ದ.

"ಒಂದು ಬಿಟ್ಟಿ ನಿಂಗ," ಎಂದಿದ್ದಳು ಪರಿಮಳಕ್ಕ, "ಮನೆಯಲ್ಲಿ ಉಪದ್ರ."

ಅವಳು ಹುಟ್ಟಿದ್ದು ಯಲ್ಲಾಪುರದ ಕಡೆ ವಜ್ರಳ್ಳಿಯಲ್ಲಿ. ಅಲ್ಲಿಯ ಶಾಲೆಯಲ್ಲಿ ಏಳನೇ ಇಯತ್ತೆಯಲ್ಲಿದ್ದಾಗ ಮಂತ್ರಿಮಂಡಲದ ಚುನಾವಣೆ ನಡೆಯಿತು. ಮಕ್ಕಳು ಚೀಟಿ ಬರೆದು ಹಾಕಿದರು. ಬಹಳಷ್ಟು ಚೀಟಿಗಳಲ್ಲಿ ಪರಿಮಳಾ ಎಂದೇ ಇತ್ತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಮುಖ್ಯಮಂತ್ರಿ ಆದವರು ಸ್ವಾತಂತ್ರ್ಯ ದಿನದಂದು ಹಗ್ಗ ಸಿಕ್ಕಿಕೊಂಡರೆ ಧ್ವಜದ ಕಂಬ ಹತ್ತಬೇಕಾಗುತ್ತದೆ, ಲಂಗ ಉಟ್ಟ ಹುಡುಗಿ ಕಂಬ ಹತ್ತುವುದು ಹೇಗೆ ಎಂದು ಕೇಳಿದರು. ಹೀಗಾಗಿ ಸುಮಂತ ಎಂಬ ಹುಡುಗ ಮುಖ್ಯಮಂತ್ರಿಯಾದ, ಪರಿಮಳಾ ಉಪ ಆದಳು. ಸುಮಂತ ಪಾಪದ ಹುಡುಗ. ಬೆಂಚಿನ ಮೇಲೆ ನಿಲ್ಲಿಸಿದರೂ ತಲೆ ಸುತ್ತುತ್ತದೆ ಎನ್ನುವವನು. ಆ ವರ್ಷ ಹಗ್ಗ ನಿಜಕ್ಕೂ ಸಿಕ್ಕಿಕೊಂಡಿತು. ಶಾಲೆಯ ಜವಾನ ಏಣಿ ತಂದು ಬಿಡಿಸಿದ. ಊರಿನ ಪೇರಲೆ ಮರಗಳಲ್ಲಿ ತುದಿಯ ಹಣ್ಣು ಯಾರಿಗೂ ಉಳಿಯದಂತೆ ಮಾಡಿದ್ದ ಪರಿಮಳಾ ಮಾತ್ರ ಕೆಳಗೆ ನಿಂತು ಚಪ್ಪಾಳೆ ತಟ್ಟಿದಳು.

ಅವಳಿಗೆ ಆಗ ಸಿಟ್ಟೇನಾದರೂ ಬಂದಿತ್ತೇ ಎಂದರೆ, ಇಲ್ಲ. ಹೆಡ್‌ಮಾಸ್ತರರು ಹೇಳಿದ್ದು ನ್ಯಾಯವೇ ಅನ್ನಿಸಿತ್ತು. ಭಾಷಣ ಬರೆಯುವವಳು ತಾನು, ಓದುವವನು ಸುಮಂತ. ಗದ್ದಲ ಸುಮ್ಮನಾಗಿಸುವವಳು ತಾನು, "ತರಗತಿ ಶಿಸ್ತಾಗಿದೆ ಸರ್" ಎಂದು ವರದಿ ಒಪ್ಪಿಸುವವನು ಸುಮಂತ. ಇದರಲ್ಲಿ ಅವಳಿಗೊಂದು ಸುಖವೂ ಇತ್ತು. ತಪ್ಪಿದರೆ ಬೈಸಿಕೊಳ್ಳುವುದೂ ಅವನೇ ತಾನೆ!

ಶಿರಸಿಯ ಕಾಲೇಜಿಗೆ ಬಂದಾಗಲೂ ಅದೇ ಕತೆ. ಸಹ ಕಾರ್ಯದರ್ಶಿಯ ಕೆಲಸವೆಂದರೆ ಅತಿಥಿಗಳಿಗೆ ಹೂವು ಕೊಡುವುದು, ಪ್ರಾರ್ಥನೆ ಹಾಡುವುದು, ಕೊನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಿರುವಾಗ ಖಾಲಿ ಕುರ್ಚಿಗಳಿಗೆ ವಂದನಾರ್ಪಣೆ ಮಾಡುವುದು. ಪದವಿ ಮುಗಿದದ್ದೇ ಸಿದ್ದಾಪುರ ತಾಲೂಕಿನ ಕಾನಸೂರು ಸಮೀಪದ ಹಲಸಿನಕೈಗೆ ಮದುವೆಯಾಗಿ ಬಂದಳು. ಇಲ್ಲಿ ಮಹಿಳಾ ಮಂಡಳ ಶುರುವಾದಾಗ ಹೆಂಗಸರೆಲ್ಲ, "ಪರಿಮಳಾ, ನೀನೇ ಅಧ್ಯಕ್ಷೆ ಆಗು" ಎಂದರು. ಅವಳು ಕೈ ಕೊಡವಿ, "ಯನ್ನ ಹತ್ರ ಅದೆಲ್ಲ ಆಗ್ತಿಲ್ಲೆ" ಎಂದು ಊರಿನ ಡಾಕ್ಟರ ಹೆಂಡತಿಯ ಹೆಸರನ್ನು ತಾನೇ ಸೂಚಿಸಿದಳು. ಆ ಡಾಕ್ಟರ ಹೆಂಡತಿ ವರ್ಷದಲ್ಲಿ ಆರು ತಿಂಗಳು ಹುಬ್ಬಳ್ಳಿಯಲ್ಲಿರುತ್ತಿದ್ದರು. ಅಲ್ಲಿಯೂ ಕೆಲಸವೆಲ್ಲ ಪರಿಮಳಕ್ಕನದೇ, ಪದವಿ ಮಾತ್ರ ಉಪ. ಮುಂದೆ ಇದನ್ನು ನೆನೆದು ಅವಳೇ ನಗುತ್ತಿದ್ದಳು. ಶಾಲೆಯಲ್ಲಾದರೆ ಹೆಡ್‌ಮಾಸ್ತರರಿದ್ದರು, ಇಲ್ಲಿ ಗಂಡಸರ ಮೇಲೆ ಹಾಕಿ ಜಾರಿಕೊಳ್ಳೋಣವೆಂದರೆ ಮಂಡಳದಲ್ಲಿ ಒಬ್ಬ ಗಂಡಸೂ ಇರಲಿಲ್ಲವಲ್ಲ!

ಹಾಲಿನ ಸಂಘದ ಸಂಗತಿ ಬೇರೆ. ಹಲಸಿನಕೈಯಲ್ಲಿ ಹಾಲು ಕರೆಯುವವರು ಹೆಂಗಸರು, ಹುಲ್ಲು ಕೊಯ್ಯುವವರು ಹೆಂಗಸರು, ಸಗಣಿ ಬಾಚುವವರು ಹೆಂಗಸರು. ಸಂಘದ ಸದಸ್ಯರು ಮಾತ್ರ ಗಂಡಸರು. ಕ್ಯಾನು ಹಿಡಿದು ಡೇರಿಗೆ ಬಂದು ಹಾಲು ಸುರಿದು, ಕಟ್ಟೆಯ ಮೇಲೆ ಕೂತು ಪೇಪರು ಓದಿ ಹೋಗುವವರು ಅವರು. ಪರಿಮಳಕ್ಕ ಸದಸ್ಯೆಯಾದದ್ದು ವಿಶ್ವೇಶ್ವರನ ಸೋಮಾರಿತನದ ಕೃಪೆಯಿಂದ. ಮಾವ ತೀರಿಕೊಂಡ ಮೇಲೆ ಸದಸ್ಯತ್ವ ಯಾರ ಹೆಸರಿಗೆ ಎಂಬ ಪ್ರಶ್ನೆ ಬಂದಾಗ, "ಯಂಗೆ ಆ ಸಭೆ, ಗಿಬೆ ಎಲ್ಲ ಬ್ಯಾಡ, ನಿನ್ನ ಹೆಸರೇ ಇರಲಿ" ಎಂದು ಅವನು ಕೈತೊಳೆದುಕೊಂಡಿದ್ದ. ಆಡಳಿತ ಮಂಡಳಿಯಲ್ಲಿ ಹೆಂಗಸರಿಗೂ ಜಾಗ ಕೊಡಬೇಕೆಂಬ ನಿಯಮ ಇತ್ತು. ಹುಡುಕಿದರೆ ಸಭೆಗೆ ಬರುವಂಥ ಸದಸ್ಯೆ ಅವಳೊಬ್ಬಳೇ ಸಿಕ್ಕಿದಳು.

ಸಂಘದ ಅಧ್ಯಕ್ಷರು ರಘುಪತಿ ಹೆಗಡೆಯವರು. ಸಂಘ ಹುಟ್ಟಿದಾಗಿನಿಂದ ಅವರೇ. ಒಳ್ಳೆಯ ಮನುಷ್ಯ, ಎತ್ತರದ ಆಳು, ಹೆಗಲ ಮೇಲೆ ಶಾಲು. ಎಲ್ಲಕ್ಕಿಂತ ಮಿಗಿಲಾಗಿ ಅವರ ಸ್ವರ. ಅವರು "ಹಾಗಾದ್ರೆ..." ಎಂದು ಒಮ್ಮೆ ಗಂಟಲು ತೆರೆದರೆ ಹಿಂಡಿ ಚೀಲದ ಮೇಲೆ ಮಲಗಿದ ಬೆಕ್ಕು ಕೂಡ ಎದ್ದು ಕೂರುತ್ತಿತ್ತು. ಮೊದಲ ಸಭೆಯಲ್ಲೇ ಅವರು, "ತಂಗೀ, ನೀ ಉಪಾಧ್ಯಕ್ಷೆ ಆಗಿರು. ನೀ ಇದ್ರೆ ಸಭೆಗೊಂದು ಕಳೆ ಇರ್ತು" ಎಂದರು. ಪರಿಮಳಕ್ಕ ಹಿಗ್ಗಿ ಹೀರೆಕಾಯಿಯಾದಳು. ಕಳೆ ಎಂದರೆ ಮುಖದ ಮೇಲೂ ಇರುತ್ತದೆ, ಗದ್ದೆಯಲ್ಲೂ ಬೆಳೆಯುತ್ತದೆ ಎಂಬುದು ಅವಳಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಸಭೆಯಲ್ಲಿ ಅವಳ ಕೆಲಸವೆಂದರೆ ಚಹಾಕ್ಕೆ ಎಷ್ಟು ಜನ ಎಂದು ನೋಡುವುದು, ಅವಲಕ್ಕಿಗೆ ಒಗ್ಗರಣೆ ಹಾಕಿಸುವುದು, ಕಾಯಿತುರಿ ಸಾಲದಿದ್ದರೆ ಮನೆಯಿಂದ ತರಿಸುವುದು. ಈ ನಡುವೆ ಏನಾದರೂ ಠರಾವು ಬಂದರೆ ರಘುಪತಿ ಹೆಗಡೆಯವರು ಅವಳತ್ತ ನೋಡುತ್ತಿದ್ದರು, ಅವಳು ತಲೆ ಆಡಿಸುತ್ತಿದ್ದಳು. ತಲೆ ಆಡಿಸುವುದರಲ್ಲಿ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಗೆ ಬಂದ ಮೇಲೆ ಎಮ್ಮೆ ಕೂಗಿದರೂ ತಲೆ ಆಡಿಸುತ್ತಿದ್ದಳು.

ಹಾಗೆ ಆಡಿಸಿದ ಒಂದು ತಲೆಯೇ ಅವಳ ಕೊರಳಿಗೆ ಬಂತು.

ಹಾಲು ಒಯ್ಯುವ ವ್ಯಾನಿನ ದಾರಿ ಬದಲಾಗುವುದಿತ್ತು. ಬೆಳಿಗ್ಗೆ ಏಳೂವರೆಗೆ ಬರುತ್ತಿದ್ದ ವ್ಯಾನು ಇನ್ನು ಆರಕ್ಕೇ ಬರುತ್ತದೆ, ಒಪ್ಪಿಗೆಯೇ ಎಂದು ಸಂಘದ ಹಾಲು ಕೊಳ್ಳುವ ಒಕ್ಕೂಟದವರು ಕೇಳಿದ್ದರು. ಮಂಡಳಿಯ ಗಂಡಸರು, ಬೇಗ ಮುಗಿದರೆ ಸಿದ್ದಾಪುರದ ಮೊದಲ ಬಸ್ಸು ಸಿಗುತ್ತದೆ, ಒಳ್ಳೆಯದೇ ಆಯಿತು ಎಂದರು. ಎಂಜಿನಿಯರಿಂಗ್ ಓದಿ ಊರಿಗೇ ಬಂದು ಜೇನು ಸಾಕುತ್ತಿದ್ದ ಶಶಾಂಕನೆಂಬ ತರುಣ ನಿರ್ದೇಶಕ ಠರಾವು ಸೂಚಿಸಿದ. ಅನುಮೋದನೆಗೆ ರಘುಪತಿ ಹೆಗಡೆಯವರು ಪರಿಮಳಕ್ಕನ ಕಡೆ ನೋಡಿದರು. ಅವಳು ಅವಲಕ್ಕಿಯ ಡಬರಿಯ ಕಡೆ ನೋಡುತ್ತಿದ್ದಳು. ಅದು ಎಲ್ಲರಿಗೂ ಸಾಲುವುದೋ ಇಲ್ಲವೋ ಎಂಬ ಚಿಂತೆ. ತಲೆ ಮಾತ್ರ ತನ್ನಷ್ಟಕ್ಕೆ ಆಡಿತು.

ಎರಡು ದಿನ ಬಿಟ್ಟು ಚೌಡಮ್ಮ ಅಂಗಳಕ್ಕೆ ಬಂದಳು. ಕೆರೆ ಆಚೆಗಿನ ಕೇರಿಯವಳು, ಮೂರು ಜರ್ಸಿ ಹಸು ಕಟ್ಟಿದವಳು. ಸಂಘಕ್ಕೆ ಹೆಚ್ಚು ಹಾಲು ಬರುವ ಮನೆಗಳಲ್ಲಿ ಅವಳದೂ ಒಂದು. ಸದಸ್ಯತ್ವ ಮಾತ್ರ ಗಂಡ ಹೊನ್ನನ ಹೆಸರಿನಲ್ಲಿತ್ತು.

"ಆರು ಗಂಟೆಗೆ ವ್ಯಾನು ಅಂತೆ. ಹೂಂ ಅಂದೋರು ನೀವೇ ಅಂತೆ ಪರಿಮಳಮ್ಮ. ಹೌದಾ?"

"ಆನಾ? ನಾನೆಲ್ಲಿ..." ಎಂದವಳಿಗೆ ಅವಲಕ್ಕಿಯ ಡಬರಿ ಕಣ್ಮುಂದೆ ಬಂತು.

"ಆರಕ್ಕೆ ಹಾಲು ಕೊಡಬೇಕು ಅಂದ್ರೆ ನಾಲ್ಕಕ್ಕೆ ಏಳಬೇಕು. ನಾವು ಎದ್ದೇವು. ದನ ಏಳ್ಬೇಕಲ್ಲ? ಅದಕ್ಕೆ ನೀವು ಠರಾವು ಓದಿ ಹೇಳ್ತೀರಾ? ಗಂಡಸರು ಹೂಂ ಅಂದ್ರೆ ನಾನು ಕೇಳ್ತಿರ್ಲಿಲ್ಲ ಬಿಡಿ, ಅವರಿಗೆ ಕೆಚ್ಚಲು ಯಾವ ಕಡೆ ಇರ್ತದೆ ಅಂತಲೇ ಗೊತ್ತಿಲ್ಲ. ನೀವು ದಿನಾ ಕರೆಯೋರು. ನೀವು ಹೂಂ ಅಂದಿದ್ದು ಎಂತಕ್ಕೆ?"

ಪರಿಮಳಕ್ಕ ಮಣೆ ಹಾಕಿದಳು. "ಕುಂತ್ಕ ಚೌಡಮ್ಮ, ಚಾ ಕುಡಿ" ಎಂದಳು. ಅಷ್ಟರಲ್ಲೇ ಅವಳಿಗೆ ತನ್ನ ಮೇಲೆ ತನಗೇ ನಗು ಬಂತು. ಯಾರು ಏನು ಕೇಳಿದರೂ ಚಹಾ ಕೊಡುವುದೊಂದೇ ತನಗೆ ಗೊತ್ತಿರುವ ರಾಜಕಾರಣ! ಚೌಡಮ್ಮ ಚಹಾ ಕುಡಿದಳು, ಆದರೆ ಸಿಟ್ಟು ಇಳಿಸಲಿಲ್ಲ. "ವಾರ್ಷಿಕ ಸಭೆಗೆ ನಾವೆಲ್ಲ ಬರ್ತೀವಿ, ಅಲ್ಲೇ ಕೇಳ್ತೀವಿ" ಎಂದು ಹೇಳಿ ಹೋದಳು.

ವಾರ್ಷಿಕ ಸಭೆ ಹತ್ತಿರ ಬಂದಂತೆ ಪರಿಮಳಕ್ಕ ಒಂದೇ ಧೈರ್ಯದಲ್ಲಿದ್ದಳು. ಸಭೆ ನಡೆಸುವವರು ರಘುಪತಿ ಹೆಗಡೆಯವರು. ಯಾರು ಎಷ್ಟೇ ಕೂಗಿದರೂ ಅವರ ಒಂದು "ಹಾಗಾದ್ರೆ..." ಸಾಕು. ತಾನು ಹಿಂದಿನ ಸಾಲಿನಲ್ಲಿ ಕೂತರಾಯಿತು.

ಸಭೆಯ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಪ್ರತಿಭಾ ಫೋನು ಮಾಡಿದಳು. ಬನವಾಸಿ ಕಡೆಯ ಹುಡುಗಿ. ಕೆಲಸದ ಸಲುವಾಗಿ ಕಾನಸೂರಿನಲ್ಲಿ ಮನೆ ಮಾಡಿಕೊಂಡಿದ್ದಳು.

"ಮೇಡಂ, ಲಗೂನ ಬರ್ರಿ. ಅಧ್ಯಕ್ಷರ ದನಿ ಹೋಗೇತ್ರಿ."

"ಎಂತ ಹೋಯ್ತು?"

"ದನೀರಿ, ದನಿ! ಥಂಡಿ ಆಗಿ ಗಂಟ್ಲು ಪೂರಾ ಕಟ್ಟೇತಿ. ಒಂದು ಅಕ್ಷರ ಹೊರಗ ಬರವಲ್ದು. ಸಭಾ ನೀವ ನಡಸಬೇಕಾಗ್ತೈತಿ."

ಪರಿಮಳಕ್ಕ ಫೋನು ಇಟ್ಟಳು. ವಿಶ್ವೇಶ್ವರನ ಹತ್ತಿರ ಹೋಗಿ, "ಯಂಗೆ ಜ್ವರ ಬಂದಂಗಿದ್ದು, ಮುಟ್ಟಿ ನೋಡಿ" ಎಂದು ಹಣೆ ಒಡ್ಡಿದಳು. ಅವನು ಮುಟ್ಟಿ ನೋಡಿ, "ತಣ್ಣಗಿದ್ದು. ಹೋಗಿ ಬಾ" ಎಂದ. ಒಬ್ಬ ಗಂಡ ಇಷ್ಟು ಪ್ರಾಮಾಣಿಕನಾಗಬಾರದು ಎಂದುಕೊಂಡು ಅವಳು ಹೊರಟಳು.

ಸಂಘದ ಸಭಾಭವನ ತುಂಬಿತ್ತು. ಕುರ್ಚಿಗಳಲ್ಲಿ ಸದಸ್ಯರು, ಗೋಡೆಗೆ ಒರಗಿ, ಬಾಗಿಲಲ್ಲಿ, ಕಿಟಕಿಯಲ್ಲಿ ಅವರ ಹೆಂಡಿರು. ಮುಂದೆ ಸೊಂಟಕ್ಕೆ ಸೆರಗು ಸಿಗಿಸಿ ಚೌಡಮ್ಮ. ವೇದಿಕೆಯ ಮೇಲೆ ರಘುಪತಿ ಹೆಗಡೆಯವರು ಶಾಲನ್ನು ಕೊರಳಿಗೆ ಸುತ್ತಿಕೊಂಡು, ಉಗುಳಲೂ ನುಂಗಲೂ ಆಗದ ಮುಖದಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯನ್ನು ಅವಳಿಗೆ ತೋರಿಸಿದರು. ಕೈಯಲ್ಲಿ ಬಿಳಿ ಹಾಳೆಯ ತುಂಡುಗಳಿದ್ದವು. ಮಾತಿಗೆ ಬದಲು ಚೀಟಿ ಬರೆದು ದಾಟಿಸುವುದೆಂದು ಅವರು ನಿಶ್ಚಯಿಸಿದ್ದರು.

ಪರಿಮಳಕ್ಕ ಮೈಕಿನ ಮುಂದೆ ನಿಂತಳು. ಅಧ್ಯಕ್ಷರೆಂದರೆ ಹೇಗಿರಬೇಕು ಎಂದು ಅವಳಿಗೆ ಗೊತ್ತಿದ್ದ ಮಾದರಿ ಒಂದೇ. ಆದ್ದರಿಂದ ಸೆರಗನ್ನು ಶಾಲಿನಂತೆ ಹೊದ್ದು, ಸ್ವರವನ್ನು ಆದಷ್ಟು ತಗ್ಗಿಸಿ ದಪ್ಪ ಮಾಡಿ, "ಹಾಗಾದ್ರೆ..." ಎಂದಳು. ಮೈಕು ಕುಂಯ್ ಎಂದಿತು. ಕಿಟಕಿಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. "ಅಕ್ಕಂಗೂ ಥಂಡಿಯಾ?" ಎಂದು ಯಾರೋ ಕೇಳಿದರು.

ವ್ಯಾನಿನ ವಿಷಯ ಬಂದದ್ದೇ ಸಭೆ ಮೀನು ಮಾರುಕಟ್ಟೆಯಾಯಿತು. ಚೌಡಮ್ಮ ಏನೋ ಹೇಳಲು ಎದ್ದಳು, ಯಾರೋ ಕೂರು ಎಂದರು, ಅವಳ ಪರವಾಗಿ ಇನ್ನೊಬ್ಬಳು ಎದ್ದಳು, ಅವಳ ಗಂಡ ಅವಳನ್ನು ಗದರಿದ, ಅವಳು ಅವನಿಗೆ ತಿರುಗಿ ಹೇಳಿದಳು. ರಘುಪತಿ ಹೆಗಡೆಯವರು ಚೀಟಿ ದಾಟಿಸಿದರು. ಪರಿಮಳಕ್ಕ ಓದಿದಳು: "ಸದಸ್ಯರು ಶಾಂತ ರೀತಿಯಿಂದ ವರ್ತಿಸಬೇಕು." ಯಾರೂ ಕೇಳಲಿಲ್ಲ. ಎರಡನೆಯ ಚೀಟಿ ಬಂತು: "ಸಭೆಯ ಘನತೆ ಕಾಪಾಡಬೇಕು." ಅದನ್ನೂ ಓದಿದಳು. ಘನತೆ ಎಲ್ಲೂ ಕಾಣಲಿಲ್ಲ. ಮೂರನೆಯ ಚೀಟಿಯಲ್ಲಿ, "ಜೋರಾಗಿ ಓದು" ಎಂದಿತ್ತು. ಗಾಬರಿಯಲ್ಲಿ ಅವಳು ಅದನ್ನೂ ಮೈಕಿನಲ್ಲಿ ಓದಿಬಿಟ್ಟಳು.

ಸಭೆಗೆ ಸಭೆಯೇ ನಕ್ಕಿತು. ನಾಲ್ಕನೆಯ ಚೀಟಿ ಬಂದಾಗ ಅದನ್ನು ತೆಗೆದುಕೊಂಡು, ಓದದೆ, ನೀರಿನ ಲೋಟದ ಅಡಿಗಿಟ್ಟಳು. ಮೈಕನ್ನು ಪಕ್ಕಕ್ಕೆ ಸರಿಸಿದಳು. ಮನೆಯ ಹಿತ್ತಿಲಿಗೆ ಮಂಗಗಳ ಹಿಂಡು ನುಗ್ಗಿದಾಗ ಅವಳು ಕೂಗುವ ಒಂದು ಕೂಗಿದೆ. ಹೊಟ್ಟೆಯಾಳದಿಂದ ಎದ್ದು ಬರುವಂಥದ್ದು. ಅದಕ್ಕೆ ಮಂಗಗಳೇನು, ಕೆಳಗಿನ ಮನೆಯ ನಾಯಿಯೂ ಓಡುತ್ತದೆ. ಯೋಚಿಸಿ ಮಾಡಿದ್ದಲ್ಲ, ಆ ಕೂಗು ತಾನಾಗಿ ಹೊರಬಿತ್ತು.

"ಹೋ...ಯ್! ಸುಮ್ನಿರ್ತ್ರೋ ಇಲ್ಲೆಯೋ!"

ಸಭಾಭವನ ಸ್ತಬ್ಧವಾಯಿತು. ನಿಂತಿದ್ದ ಗಂಡಸರು ಕುರ್ಚಿ ಹುಡುಕಿ ಕೂತರು. ರಘುಪತಿ ಹೆಗಡೆಯವರ ಕೈಯಿಂದ ಪೆನ್ನು ಬಿತ್ತು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಪರಿಮಳಕ್ಕನೇ. ಈಗ ಇವರೆಲ್ಲ ಸುಮ್ಮನಾಗಿದ್ದಾರೆ, ತಾನು ಏನಾದರೂ ಹೇಳಬೇಕು! ಮಂಗಗಳಾದರೆ ಓಡಿಹೋಗುತ್ತವೆ, ಇವರು ಕೂತು ಬಾಯಿ ನೋಡುತ್ತಿದ್ದಾರೆ.

"ಆರು ಗಂಟೆಗೆ ಆಗಬಹುದು ಅಂತ ಅನುಮೋದಿಸಿದವಳು ನಾನೇ," ಎಂದಳು ಕೊನೆಗೆ. "ಆ ಹೊತ್ತಿಗೆ ನಾನು ಅವಲಕ್ಕಿ ಸಾಲ್ತದೋ ಇಲ್ವೋ ನೋಡ್ತಾ ಇದ್ದೆ. ವಿಷಯ ಕಿವಿಗೇ ಬಿದ್ದಿರಲಿಲ್ಲ."

ಯಾರೋ ನಕ್ಕರು. ಹಿಂದಿನಿಂದ ಒಬ್ಬರು, "ಅವಲಕ್ಕಿ ಸಾಕಾಗಿತ್ತು ಅಕ್ಕ" ಎಂದರು. ಸಭೆಯ ಬಿಗಿ ಸ್ವಲ್ಪ ಸಡಿಲಾಯಿತು.

"ಈಗ ಚೌಡಮ್ಮ ಹೇಳಲಿ," ಎಂದಳು ಅವಳು.

ಶಶಾಂಕ ಎದ್ದು ನಿಂತ. ಸಭ್ಯ ಹುಡುಗ, ಜಗಳದ ದನಿಯಲ್ಲಿ ಹೇಳಲಿಲ್ಲ. "ಅಕ್ಕ, ಅವರು ಸದಸ್ಯರಲ್ಲ. ವಾರ್ಷಿಕ ಸಭೆಯಲ್ಲಿ ಸದಸ್ಯರಲ್ಲದವರು ಮಾತಾಡೋ ಹಾಗಿಲ್ಲ."

ಪರಿಮಳಕ್ಕ ಪ್ರತಿಭಾಳತ್ತ ನೋಡಿದಳು.

"ಅಧ್ಯಕ್ಷರು ಅಪ್ಪಣೆ ಕೊಟ್ರ ಮಾತಾಡಬಹುದ್ರಿ," ಎಂದಳು ಪ್ರತಿಭಾ.

ಪರಿಮಳಕ್ಕ ತಿರುಗಿ ರಘುಪತಿ ಹೆಗಡೆಯವರ ಮುಖ ನೋಡಿದಳು. ಅವರು ಬಗ್ಗಿ ಪೆನ್ನು ಹುಡುಕುತ್ತಿದ್ದರು.

"ಆ ಕಡೆ ಏನ್ ನೋಡ್ತೀರಿ ಮೇಡಂ?" ಎಂದಳು ಪ್ರತಿಭಾ, ಮೆಲ್ಲಗೆ. "ಸಭಾ ನಡಸಾಕತ್ತವರು ನೀವು. ಇವತ್ತಿಗೆ ಅಧ್ಯಕ್ಷರು ನೀವ ಅದೀರಿ."

ಹೌದಲ್ಲ! ಪರಿಮಳಕ್ಕ ಅಪ್ಪಣೆ ಕೊಟ್ಟಳು. ಚೌಡಮ್ಮ ಅಂಗಳದಲ್ಲಿ ಹೇಳಿದ್ದನ್ನೇ ಹೇಳಿದಳು, ಸ್ವಲ್ಪ ಉಪ್ಪುಖಾರ ಹೆಚ್ಚಿಗೆ ಸೇರಿಸಿ. ಆಮೇಲೆ ಒಬ್ಬೊಬ್ಬರಾಗಿ ಗೋಡೆಯ ಬದಿಯವರೆಲ್ಲ ಮಾತಾಡಿದರು. ಮಗುವನ್ನು ಶಾಲೆಗೆ ಕಳಿಸುವ ಹೊತ್ತು, ಕತ್ತಲೆಯಲ್ಲಿ ಕೊಟ್ಟಿಗೆಗೆ ಹೋಗುವ ಭಯ, ಹೊತ್ತು ತಪ್ಪಿಸಿ ಕರೆದರೆ ಹಾಲು ಕಡಿಮೆಯಾಗುವ ಸಂಗತಿ. ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಆದರೆ ಅವರ ಕಣ್ಣೆದುರೇ ಆರು ಗಂಟೆಯ ಪರವಾಗಿ ಕೈ ಎತ್ತುವ ಧೈರ್ಯ ಅವರ ಗಂಡಂದಿರಿಗೂ ಇರಲಿಲ್ಲ. ಸಂಜೆ ಊಟ ಮಾಡಬೇಕಾದದ್ದು ಮನೆಯಲ್ಲೇ ತಾನೆ! ಠರಾವು ಬಿದ್ದುಹೋಯಿತು. ಒಕ್ಕೂಟದವರ ಹತ್ತಿರ ಮಾತಾಡುವ ಹೊಣೆ ಪರಿಮಳಕ್ಕನ ಹೆಗಲಿಗೆ ಬಂತು.

ಊರಲ್ಲೆಲ್ಲ ಅವಳು ಹುಲಿಯಾದಳು ಎಂದು ಮಾತಾಯಿತು. ಮನೆಯಲ್ಲಿ ಹುಲಿ ಫೋನು ಕೈಯಲ್ಲಿ ಹಿಡಿದು ಅರ್ಧ ದಿನ ಕೂತಿತ್ತು. ಕೊನೆಗೆ ಹಚ್ಚಿದಾಗ ಆ ಕಡೆಯ ಅಧಿಕಾರಿ, "ಅಧ್ಯಕ್ಷರು ಇಲ್ವಾ ಮೇಡಂ? ಮನೇಲಿ ಯಾರಾದ್ರೂ ಗಂಡಸರಿದ್ರೆ ಕೊಡಿ, ಮಾತಾಡ್ತೀನಿ" ಎಂದ. ಪರಿಮಳಕ್ಕನಿಗೆ ಎಂಥಾ ನಿರಾಳವಾಯಿತೆಂದರೆ, ಕೂಡಲೇ ಫೋನನ್ನು ಗಂಡನ ಕೈಗಿಟ್ಟಳು. ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತಿದ್ದ ವಿಶ್ವೇಶ್ವರ ಕಿವಿಗಿಟ್ಟು ಕೇಳಿದ.

"ವ್ಯಾನಾ? ಯಾವ ವ್ಯಾನು? ನನಗೇನೂ ಗೊತ್ತಿಲ್ಲ ಮಾರಾಯ್ರೆ. ನಮ್ಮನೇಲಿ ದನದ ಹೆಸರೂ ನನಗೆ ಸರಿಯಾಗಿ ಬರೋದಿಲ್ಲ. ಗೊತ್ತಿರೋರ ಕೈಯಲ್ಲಿ ಕೊಡ್ತೇನೆ, ತಡೀರಿ," ಎಂದು ಫೋನನ್ನು ಅವಳಿಗೇ ಮರಳಿಸಿದ.

ಆಮೇಲೆ ಅವಳಿಗೆ, "ಅವ ಗಂಡಸ್ರ ಕೇಳ್ದ ಹೇಳಿ ನೀ ಕೊಟ್ಟುಬಿಡದಾ? ಅವ ದನ ಕೇಳಿದ್ರೆ ಕೊಟ್ಟಿಗೆಗೆ ಒಯ್ತಿದ್ಯಾ?" ಎಂದ.

ಫೋನಿನಲ್ಲಿ ಕೆಲಸ ಆಗಲಿಲ್ಲ. ಚೌಡಮ್ಮ, ಪ್ರತಿಭಾ, ಪರಿಮಳಕ್ಕ ಮೂವರೂ ಶಿರಸಿ ಬಸ್ಸು ಹತ್ತಿ ಅಧಿಕಾರಿಯ ಎದುರಿಗೇ ಹೋಗಿ ಕೂತರು. ದಾರಿಯುದ್ದಕ್ಕೂ ಪರಿಮಳಕ್ಕ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದಳು. ಅಲ್ಲಿ ಹೋದ ಮೇಲೆ ಅರ್ಧ ಮರೆತಳು. ಮರೆತದ್ದನ್ನು ಚೌಡಮ್ಮ ಹೇಳಿದಳು, ಚೌಡಮ್ಮ ಏರಿಸಿದ ದನಿಯನ್ನು ಪ್ರತಿಭಾ ಇಳಿಸಿದಳು. ಅಂತೂ ವ್ಯಾನು ಏಳಕ್ಕೆ ಬರುವುದೆಂದಾಯಿತು. ಕೇಳಿದ್ದು ಏಳೂವರೆ. ಚೌಡಮ್ಮನಿಗೆ ಸಮಾಧಾನವಾಗಲಿಲ್ಲ. "ನೀವು ಆ ಮಂಗನ ಕೂಗು ಇಲ್ಲೂ ಒಂದ್ಸಲ ಕೂಗಿದ್ರೆ ಅರ್ಧ ತಾಸು ಸಿಗ್ತಿತ್ತು" ಎಂದು ಬಸ್ಸಿಳಿಯುವವರೆಗೂ ಅಂದಳು.

ಆದರೆ ಚೌಡಮ್ಮ ಅಲ್ಲಿಗೇ ಬಿಡಲಿಲ್ಲ. ಮನೆಮನೆಗೆ ಹೋಗಿ, ಹಾಲು ಕರೆಯುವವಳ ಹೆಸರಿನಲ್ಲೇ ಸದಸ್ಯತ್ವ ಇರಲಿ ಎಂದು ಗಂಟುಬಿದ್ದಳು. ಮೊದಲು ಹೊನ್ನನನ್ನೇ ಒಪ್ಪಿಸಿದಳು. ಕೆಲವು ಗಂಡಸರು ನಗುತ್ತ ಬಿಟ್ಟುಕೊಟ್ಟರು, ಕೆಲವರು ಮುಖ ಗಂಟು ಹಾಕಿಕೊಂಡು ಬಿಟ್ಟುಕೊಟ್ಟರು, ಇನ್ನು ಕೆಲವರು ಬಿಡಲೇ ಇಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಆಡಳಿತ ಮಂಡಳಿಗೆ ಚೌಡಮ್ಮನೂ, ಅಭಿಜ್ಞಾ ಎಂಬ ಹೊಸ ಸೊಸೆಯೊಬ್ಬಳೂ ಸೇರಿ ಹೆಂಗಸರು ಅರ್ಧಕ್ಕೆ ಹತ್ತಿರ ಬಂದರು.

ಅಧ್ಯಕ್ಷರ ಆಯ್ಕೆಯ ದಿನ ಎರಡು ಹೆಸರು ಬಂದವು: ರಘುಪತಿ ಹೆಗಡೆಯವರು, ಪರಿಮಳಕ್ಕ. ಪರಿಮಳಕ್ಕನ ಹೆಸರು ಸೂಚಿಸಿದವಳು ಚೌಡಮ್ಮ. ಎಲ್ಲರೂ ಆಶ್ಚರ್ಯಪಡುವಂತೆ ಅನುಮೋದಿಸಿದವನು ಶಶಾಂಕ. "ಅಧ್ಯಕ್ಷರ ದನಿಗೆ ಸದಸ್ಯರು ಸುಮ್ಮನಾಗ್ತಿದ್ರು. ಅಕ್ಕನ ದನಿಗೆ ಮಾತಾಡಿದ್ರು" ಎಂದು ಅವನು ಹೇಳಿದ್ದನ್ನು ಕೇಳಿ ಪರಿಮಳಕ್ಕನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಕೈ ಎತ್ತುವುದೆಂದಾಯಿತು. ಮೊದಲು ರಘುಪತಿ ಹೆಗಡೆಯವರ ಹೆಸರು ಕರೆದರು. ಅವರು ಎಂದಿನಂತೆ ಪರಿಮಳಕ್ಕನತ್ತ ನೋಡಿದರು. ಅಷ್ಟು ವರ್ಷದ ಅಭ್ಯಾಸ; ಅವಳ ಬಲಗೈ ತನ್ನಷ್ಟಕ್ಕೆ ಮೇಲೇಳತೊಡಗಿತು. ಪಕ್ಕದಲ್ಲಿ ಕೂತಿದ್ದ ಚೌಡಮ್ಮ ಆ ಕೈಯನ್ನು ಬಳೆ ಸಮೇತ ಹಿಡಿದು ಕೆಳಗೆಳೆದಳು.

"ನಿಮ್ಮ ವಿರುದ್ಧ ನೀವೇ ಓಟು ಹಾಕ್ತೀರಾ ಮಾರಾಯ್ರೆ?" ಎಂದು ಕಿವಿಯಲ್ಲಿ ಗದರಿದಳು.

ಒಂದೇ ಒಂದು ಕೈ ಹೆಚ್ಚಾಗಿ ಪರಿಮಳಕ್ಕ ಗೆದ್ದಳು. ಚೌಡಮ್ಮ ಹಿಡಿಯದಿದ್ದರೆ ತನ್ನನ್ನು ಸೋಲಿಸಿದವಳು ತಾನೇ ಆಗುತ್ತಿದ್ದಳು ಎಂಬುದು ಅವಳಿಗೆ ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಹೊಳೆಯಿತು. ಒಬ್ಬಳೇ ಅಡುಗೆಮನೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಜ್ರಳ್ಳಿಯ ತಾಯಿಗೆ ಫೋನು ಮಾಡಿ ಸುದ್ದಿ ತಿಳಿಸಿದಾಗ ಅವರು, "ಅಧ್ಯಕ್ಷೆ ಆದ್ಯಾ? ಒಳ್ಳೇದಾತು. ಆದರೆ ಅಳಿಯಂಗೆ ಊಟಕ್ಕೆಂತ ಮಾಡ್ತೆ?" ಎಂದರು. ವಿಶ್ವೇಶ್ವರನಿಗೆ ಅದು ಕೇಳಿಸಿತು. "ನಂಗೆ ಅನ್ನ ಮಾಡಲೆ ಬತ್ತು ಅತ್ತೆ. ಸಾರು ಮಾತ್ರ ಅಧ್ಯಕ್ಷರನ್ನ ಕೇಳವು" ಎಂದು ಕೂಗಿ ಹೇಳಿದ.

ಕುರ್ಚಿಗೇನೋ ಬಂದಳು. ಕುರ್ಚಿಯ ಕಷ್ಟಗಳು ಆಮೇಲೆ ತಿಳಿದವು. ಹೆಗಡೆಯವರ ಮನೆಗಳ ಆಡುಮಾತಿನಲ್ಲಿ ಗಂಡಸರನ್ನು ಕುರಿತು "ಅವ ಬಂದ" ಎನ್ನುತ್ತಾರೆ, ಹೆಂಗಸರನ್ನು ಕುರಿತು "ಅದು ಬಂತು" ಎನ್ನುತ್ತಾರೆ. ಕರು ಬಂತು, ಬಸ್ಸು ಬಂತು ಎಂದ ಹಾಗೆ. ಈಗ ಅಧ್ಯಕ್ಷರು ಎಂಬುದರ ಮುಂದೆ ಏನು ಹಾಕಬೇಕೆಂದು ಡೇರಿ ಕಟ್ಟೆಯ ಮೇಲಿನವರಿಗೆ ತೋಚದಾಯಿತು. "ಅಧ್ಯಕ್ಷರು ಬಂತು" ಎಂದು ಒಬ್ಬರು ಹೇಳಿದರು. ವ್ಯಾಕರಣ ಒಡೆದುಹೋದರೂ ಗೌರವ ಉಳಿಯಿತು ಎಂದು ಪರಿಮಳಕ್ಕ ಸಮಾಧಾನಪಟ್ಟುಕೊಂಡಳು. ಹಿಂಡಿ ಚೀಲದಲ್ಲಿ ಬೂಸಲು ಬಂದದ್ದಕ್ಕೆ ಅವಳು ಲಾರಿಯನ್ನೇ ವಾಪಸ್ಸು ಕಳಿಸಿದಾಗ, "ಏನು ಗರ್ವ ನೋಡು" ಎಂದರು. ಇದೇ ಕೆಲಸವನ್ನು ಹಿಂದೆ ರಘುಪತಿ ಹೆಗಡೆಯವರು ಮಾಡಿದಾಗ "ಖಡಕ್ ಮನುಷ್ಯ" ಎಂದಿದ್ದರು. ಇನ್ನೊಮ್ಮೆ ಯಾರದೋ ತಪ್ಪನ್ನು ಮನ್ನಿಸಿ ಬಿಟ್ಟಾಗ, "ಎಷ್ಟೆಂದರೂ ಹೆಂಗಸು" ಎಂದರು. ಹಾಗೆ ಅಂದವರಲ್ಲಿ ಗಂಡಸರಷ್ಟೇ ಹೆಂಗಸರೂ ಇದ್ದರು. ಗರ್ವಕ್ಕೂ ಹೆಂಗಸುತನಕ್ಕೂ ನಡುವೆ ಎಷ್ಟು ಅಗಲದ ದಾರಿ ಇದೆ ಎಂದು ಅವಳು ಹುಡುಕಿ ನೋಡಿದಳು. ಒಂದು ಬದುವಿನಷ್ಟೂ ಕಾಣಲಿಲ್ಲ. ಹುಡುಕುವುದನ್ನು ಬಿಟ್ಟಳು.

ರಘುಪತಿ ಹೆಗಡೆಯವರು ಒಂದು ತಿಂಗಳು ಸಂಘದ ಕಡೆ ತಲೆ ಹಾಕಲಿಲ್ಲ. ಅವರ ಗಂಟಲು ಎಂದೋ ಸರಿಯಾಗಿತ್ತು, ಮನಸ್ಸು ಸರಿಯಾಗಿರಲಿಲ್ಲ. ಒಂದು ದಿನ ಪರಿಮಳಕ್ಕ ತಾನೇ ಅವರ ಮನೆಗೆ ಹೋದಳು.

"ಅಣ್ಣ, ಒಕ್ಕೂಟದ ಸಭೆಯಲ್ಲಿ ಎಂತೆಂತ ಕೇಳವು ಹೇಳಿ ನಿಂಗ್ಳಿಗೆ ಗೊತ್ತಿದ್ದು. ನಂಗೆ ಗೊತ್ತಿಲ್ಲೆ. ಹೇಳಿಕೊಡಿ."

ಅವರು ಹೆಗಲ ಶಾಲು ಸರಿಪಡಿಸಿಕೊಂಡರು. ಆಮೇಲೆ, "ಆ ದಿನ ನಾಲ್ಕನೇ ಚೀಟಿ ಓದಿದ್ಯಾ ತಂಗೀ?" ಎಂದು ಕೇಳಿದರು.

"ಇಲ್ಲೆ. ಲೋಟದಡಿಗೆ ಒದ್ದೆಯಾಗಿ ಹೋತು. ಎಂತ ಬರೆದಿದ್ದಿ?"

"ಊಟದ ಹೊತ್ತಾಯ್ತು, ಸಭೆ ಮುಂದೂಡು ಹೇಳಿ," ಎಂದು ಅವರು ತಾವೇ ನಕ್ಕರು. ಆಮೇಲೆ ಕೂತು ಒಕ್ಕೂಟದ ಸಂಗತಿಗಳನ್ನೆಲ್ಲ ಬಿಡಿಸಿ ಹೇಳಿದರು. ಹೊರಡುವಾಗ ಅವರ ಹೆಂಡತಿ ಪರಿಮಳಕ್ಕನನ್ನು ಹಿತ್ತಿಲ ಬಾಗಿಲಿಗೆ ಕರೆದು, ತನ್ನ ಹೆಸರಿಗೆ ಸದಸ್ಯತ್ವ ಮಾಡಿಸಲು ಏನೇನು ಬೇಕು ಎಂದು ಕೇಳಿದರು.

ಪರಿಮಳಕ್ಕನ ಅಧ್ಯಕ್ಷತೆಯ ಮೊದಲ ವಾರ್ಷಿಕ ಸಭೆ ಬಂತು. ಹಿಂದಿನ ದಿನ ಅವಳು ಚೌಡಮ್ಮ, ಶಶಾಂಕರನ್ನು ಕೂರಿಸಿಕೊಂಡು ಕಾರ್ಯಕ್ರಮದ ಏರ್ಪಾಡು ಮಾಡುತ್ತಿದ್ದಳು. ದೀಪ ಯಾರು ಹಚ್ಚುವುದು, ಹೂವು ಯಾರು ಕೊಡುವುದು. ಅಭಿಜ್ಞಾ ಮೂಲೆಯಲ್ಲಿ ಕೂತು ಕರುಗಳಿಗೆ ಬರುವ ರೋಗದ ಬಗ್ಗೆ ಏನೋ ಓದುತ್ತಿದ್ದಳು.

"ಅಭಿಜ್ಞಾ, ಪ್ರಾರ್ಥನೆ ನೀ ಹೇಳು. ವಂದನಾರ್ಪಣೆನೂ ನೀನೇ ಮಾಡಿಬಿಡು. ನೀ ಇದ್ರೆ ಸಭೆಗೊಂದು..."

ಪರಿಮಳಕ್ಕ ಥಟ್ಟನೆ ಬಾಯಿ ಮುಚ್ಚಿದಳು. ರಘುಪತಿ ಹೆಗಡೆಯವರು ಅಂದಿದ್ದ ಆ ಶಬ್ದ ನಾಲಿಗೆಯ ತುದಿಯಲ್ಲೇ ನಿಂತಿತ್ತು.

ಅಭಿಜ್ಞಾ ತಲೆ ಎತ್ತಿ, "ನಂಗೆ ಹಾಡಲೆ ಬತ್ತಿಲ್ಲೆ ಅಕ್ಕ. ಕರು ಸಾಯದು ಹೆಚ್ಚಾಜು, ಆ ವಿಷಯ ಸಭೆಲಿ ಆನು ಮಾತಾಡ್ತೆ. ಹತ್ತು ನಿಮಿಷ ಕೊಡು, ಸಾಕು" ಎಂದಳು.

"ಹಂಗಾರೆ ಹಾಡವ್ರು ಯಾರು?"

ಚೌಡಮ್ಮ ಶಶಾಂಕನ ಕಡೆ ಬೆರಳು ತೋರಿಸಿದಳು. ಅವನು, "ನಾನಾ? ನನಗೆ ಶಾಲೆಯಲ್ಲೇ ಹಾಡಬೇಡ ಅಂದಿದ್ರು" ಎಂದ. "ಅದಕ್ಕೇನು, ಈಗ ಕಲೀರಿ. ನಮಗೆಲ್ಲ ಹಾಡೋಕೆ ಬರ್ತದಾ ಅಂತ ಕೇಳಿ ಹಾಡಿಸಿದ್ರಾ?" ಎಂದಳು ಚೌಡಮ್ಮ.

ಮರುದಿನ ಸಭೆ ತುಂಬಿದ್ದಾಗ ಶಶಾಂಕ ಕೈ ಮುಗಿದು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಎರಡನೆಯ ಸಾಲಿಗೆ ರಾಗ ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ ಹೋದ. ಕಿಟಕಿಯ ಬಳಿ ಕೂತ ಹೆಂಗಸರು ನಗು ತಡೆಯಲಾರದೆ ಒಬ್ಬರ ಹೆಗಲಲ್ಲಿ ಒಬ್ಬರು ಮುಖ ಹುದುಗಿಸಿದರು. ಮುಂದಿನ ಸಾಲಿನಲ್ಲಿದ್ದ ರಘುಪತಿ ಹೆಗಡೆಯವರಿಗೆ ಸಹಿಸಲಾಗಲಿಲ್ಲ. ಕೂತಲ್ಲಿಂದಲೇ ಆ ತುಂಬು ದನಿಯಲ್ಲಿ ರಾಗ ಎತ್ತಿಕೊಟ್ಟರು. ಶಶಾಂಕ ಅದರ ಬಾಲ ಹಿಡಿದು ಹೇಗೋ ದಡ ಸೇರಿದ. ಅಧ್ಯಕ್ಷೆ ಪರಿಮಳಕ್ಕ ಮೈಕನ್ನು ತನ್ನ ಎತ್ತರಕ್ಕೆ ತಗ್ಗಿಸಿಕೊಂಡು, ಮೊದಲ ವಿಷಯ ಕರುಗಳ ಸಾವು, ಅಭಿಜ್ಞಾ ಮಾತಾಡುತ್ತಾಳೆ ಎಂದು ಹೇಳಿ ಕೂತಳು. ಹತ್ತು ನಿಮಿಷ ಕೇಳಿದ್ದ ಅಭಿಜ್ಞಾ ಮುಕ್ಕಾಲು ಗಂಟೆ ಮಾತಾಡಿದಳು. ಅವಲಕ್ಕಿ ತಣ್ಣಗಾಯಿತು.